ಹಾಕೋನ್ ದೊರೆಯ ಯೂಲ್

ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರ ಬಾಯಲ್ಲೂ 'ಗೂ ಯೂಲ್', ಅಂದರೆ ಕ್ರಿಸ್‌ಮಸ್ ಶುಭಾಶಯ. ದೇವರನ್ನೇ ನಂಬದ ಸಹೋದ್ಯೋಗಿಗಳೂ ನಾನು ಹಂಚುವ ಹಬ್ಬದ ತಿಂಡಿ ಕುಸ್ವಾರ್ ಮೆಲ್ಲುತ್ತಾ ಹಾಗೆಯೇ ಹಾರೈಸುತ್ತಾರೆ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ನನಗೆ ಇದು 'ನತಾಲ್'. ಆ ಪದದೊಳಗೇ 'ಹುಟ್ಟು' ಇದೆ. ಯೂಲ್‌ನಲ್ಲಿ ಹುಟ್ಟೂ ಇಲ್ಲ, ಕ್ರಿಸ್ತನೂ ಇಲ್ಲ. ಹಾಗಾದರೆ ಇವರು ಮಾಡುತ್ತಿರುವುದು ಯಾರ ಹಬ್ಬ?

ಇಂಗ್ಲೆಂಡಿನ ಸನ್ಯಾಸಿ ಬೀಡ್ 725ರಲ್ಲಿ ಬರೆದಂತೆ, ಅವನ ಜನ ಕ್ರೈಸ್ತರಾಗುವ ಮೊದಲು ಡಿಸೆಂಬರ್, ಜನವರಿ ಎರಡನ್ನೂ 'ಗಿಯುಲಿ' ಅನ್ನುತ್ತಿದ್ದರು; ಯೂಲ್‌ನ ಹಳೆಯ ರೂಪವದು. ಕ್ರಿಸ್‌ಮಸ್ ರಾತ್ರಿಗೆ ಆಗ 'ತಾಯಂದಿರ ರಾತ್ರಿ' ಎಂದು ಹೆಸರು. ಸೂರ್ಯ ಮರಳುವುದರಿಂದ ಗಿಯುಲಿ ಎಂಬುದು ಬೀಡ್‌ನ ವಿವರಣೆ. ಪದದ ಬೇರು ಇವತ್ತಿಗೂ ಇತ್ಯರ್ಥವಾಗಿಲ್ಲ. ನಾರ್ವೆಯವರ ಹಳೆಯ ದೇವರು ಓಡಿನ್‌ಗಂತೂ ಯೂಲ್‌ನಿಂದಲೇ ಬಂದ 'ಯೋಲ್ನಿರ್' ಎಂಬ ಹೆಸರೂ ಇತ್ತು.

ಈ ಯೂಲನ್ನೂ ಕ್ರಿಸ್‌ಮಸ್ಸನ್ನೂ ಬೆಸೆದವನು ಹತ್ತನೇ ಶತಮಾನದ ನಾರ್ವೆ ದೊರೆ ಹಾಕೋನ್. ಇಂಗ್ಲೆಂಡಿನ ದೊರೆ ಅಥೆಲ್‌ಸ್ಟನ್‌ನ ಅರಮನೆಯಲ್ಲಿ ಕ್ರೈಸ್ತನಾಗಿ ಬೆಳೆದು ಊರಿಗೆ ಬಂದವನು. ನಡುಚಳಿಯ ಯೂಲನ್ನು ಕ್ರಿಸ್‌ಮಸ್ ದಿನಕ್ಕೆ ತಂದ. ಪ್ರತಿಯೊಬ್ಬನೂ ಇಂತಿಷ್ಟು ಬಿಯರ್ ಮಾಡಲೇಬೇಕು, ಅದು ತೀರುವವರೆಗೆ ಬಿಡುವು ಎಂದ. ಜಾಣ ಕಾನೂನು. ಆದರೆ ರೈತರೇನು ಕಮ್ಮಿ? ಈ ಸೀಮೆಯದೇ ಆದ ಮ್ಯಾರೆಯ ಯೂಲ್ ಔತಣದಲ್ಲಿ ದೊರೆಗೇ ಕುದುರೆಯ ಲಿವರ್ ತಿನ್ನಿಸಿದರು, ಶಿಲುಬೆಯ ಗುರುತು ಹಾಕದೆ ಪಾತ್ರೆ ಬರಿದು ಮಾಡಿಸಿದರು. ಇದನ್ನೆಲ್ಲ ಬರೆದವನು ಐಸ್‌ಲ್ಯಾಂಡಿನ ಸ್ನೋರಿ, ಸುಮಾರು 1230ರಲ್ಲಿ. ಮುನ್ನೂರು ವರ್ಷ ತಡವಾಯಿತಲ್ಲ, ಉಪ್ಪುಖಾರ ಸ್ವಲ್ಪ ಬಿದ್ದಿರಬಹುದು.

ಕ್ರಿಸ್‌ಮಸ್ ಹೀಗೆ ಹಳೆಯ ಹಬ್ಬದೊಡನೆ ಬೆರೆತದ್ದನ್ನು ಹೇಳಿದರೆ ನಮ್ಮವರು ಕೆಲವರು ಮುಖ ಸಿಂಡರಿಸುತ್ತಾರೆ. ನನಗೆ ಕಸಿವಿಸಿಯಿಲ್ಲ. ಸುವಾರ್ತೆಗಳಲ್ಲಿ ಯೇಸು ಹುಟ್ಟಿದ ತಾರೀಖೇ ಇಲ್ಲ. ತಂಗಲು ಜಾಗ ಸಿಗದೆ ಗೋದಲಿಯಲ್ಲಿ ಮಲಗಿದ ಕೂಸು ಬೇರೆಯವರ ಹಬ್ಬದ ಮನೆಯಲ್ಲಿ ಇಳಿದುಕೊಂಡರೆ ಅದರ ಮರ್ಯಾದೆ ಹೋಗುವುದೇ? ದೇವರು ಮನುಷ್ಯನಾದ ಎಂದು ನಂಬುವವರು, ಮನುಷ್ಯರ ಬಿಯರು, ಚಳಿ, ಹಳೆಯ ಹೆಸರುಗಳನ್ನೂ ಅವನು ಒಪ್ಪಿಕೊಂಡ ಎಂದು ನಂಬಬೇಕಾಗುತ್ತದೆ.

ಶುದ್ಧಿಯ ಹಟಕ್ಕೆ ಬಿದ್ದವರೂ ಇದ್ದರು. ಬೈಬಲ್ಲಿನಲ್ಲಿ ಇಲ್ಲದ ಹಬ್ಬ ಬೇಡವೆಂದು ಸ್ಕಾಟ್ಲೆಂಡಿನ ಸಂಸತ್ತು 1640ರಲ್ಲಿ ಯೂಲ್ ರಜೆಯನ್ನೇ ರದ್ದು ಮಾಡಿತು. ಅಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಹಬ್ಬ ಕಿತ್ತುಕೊಂಡವರು ಓಡಿನ್‌ನ ಭಕ್ತರಲ್ಲ, ಕ್ರೈಸ್ತರೇ.