ಕಲಿಯುವವನ ಹೊಣೆ

ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಲೆಕ್ಕವನ್ನು ತಪ್ಪಾಗಿ ಬಿಡಿಸಿದರೆ ಅದರ ಫಲವನ್ನು ಅವನೊಬ್ಬನೇ ಉಣ್ಣುತ್ತಾನೆ. ಅದೇ ವಿದ್ಯಾರ್ಥಿಯು ಒಂದು ಗ್ರಂಥಾಲಯಕ್ಕೋ ಸೇವಾಸಂಸ್ಥೆಗೋ ಸಾಫ್ಟ್‌ವೇರ್ ರಚಿಸಿಕೊಡಲು ಒಪ್ಪಿ, ಅಲ್ಲಿ ತಪ್ಪಿದರೆ, ಆ ಫಲವನ್ನು ಉಣ್ಣುವವರು ಬೇರೆಯವರು. ತಪ್ಪದೆ ಕಲಿತವರು ಲೋಕದಲ್ಲಿ ಯಾರೂ ಇಲ್ಲ. ಆದ್ದರಿಂದ ಕಲಿಯುವವನಿಗೆ ತಪ್ಪುವ ಅವಕಾಶವಿರಲೇಬೇಕು. ಆದರೆ ಆ ಕಲಿಕೆಯ ಖರ್ಚನ್ನು ಇನ್ನೊಬ್ಬರ ಖಾತೆಗೆ ಬರೆಯುವುದು ನ್ಯಾಯವೆ? ಇಂದಿನ ತಾಂತ್ರಿಕ ಶಿಕ್ಷಣದಲ್ಲಿ ಅಡಗಿರುವ ಈ ಪ್ರಶ್ನೆ ವಿಚಾರಾರ್ಹವಾದುದು.

ಸಾಫ್ಟ್‌ವೇರ್ ರಚನೆಯು ಶಿಸ್ತುಬದ್ಧವಾದ ತಂತ್ರವಿದ್ಯೆಯಾಗಬೇಕೆಂಬ ವಿಚಾರ 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಜರುಗಿದ ಸಮ್ಮೇಳನದಿಂದ ಬಲಗೊಂಡಿತು. ಅದನ್ನು ಕಲಿಸುವ ಬಗೆ ಯಾವುದೆಂಬುದು ಮುಂದಿನ ಸಮಸ್ಯೆ. ಕೆನಡಾದ ಹಾರ್ನಿಂಗ್ ಮತ್ತು ವರ್ಟ್‌ಮನ್ ಎಂಬ ವಿದ್ವಾಂಸರು 1977ರಲ್ಲಿ ಒಂದು ಆಟವನ್ನು ವಿವರಿಸಿದರು. ಅದರಲ್ಲಿ ವಿದ್ಯಾರ್ಥಿ ತಂಡಗಳು ತಾವು ರಚಿಸಿದ ಪ್ರೋಗ್ರಾಮಿನ ಭಾಗಗಳನ್ನು ಪರಸ್ಪರ ಕೊಂಡು ಮಾರುತ್ತಿದ್ದವು. ಲಾಭನಷ್ಟಗಳೆರಡೂ ಆಟದವೇ ಆದುದರಿಂದ ಯಾರಿಗೂ ನೋವಿರಲಿಲ್ಲ. ಆದರೆ ಆಟದ ಗ್ರಾಹಕನು ಮನಸ್ಸು ಬದಲಿಸುವುದಿಲ್ಲ, ಹೇಳಲು ಮರೆಯುವುದಿಲ್ಲ, ಕಾಯುವುದೂ ಇಲ್ಲ. ನಿಜವಾದ ಗ್ರಾಹಕನಿಂದ ಮಾತ್ರ ಕಲಿಯಬಹುದಾದ ಪಾಠಗಳಿವೆ ಎಂಬುದನ್ನು ಮನಗಂಡು ಅನೇಕ ವಿಶ್ವವಿದ್ಯಾಲಯಗಳು ಹೊರಗಿನ ಬಾಗಿಲನ್ನು ತೆರೆದವು. ಲಾಸ್ ಏಂಜಲೀಸ್ ನಗರದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಬ್ಯಾರಿ ಬೋಮ್ (1935–2022) ಅವರು 1996ರಲ್ಲಿ ತಮ್ಮ ವಿದ್ಯಾರ್ಥಿ ತಂಡಗಳನ್ನು ಅಲ್ಲಿಯ ಗ್ರಂಥಾಲಯದ ಕೆಲಸಗಳಿಗೆ ತೊಡಗಿಸಿದರು. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಆರಂಭವಾದ ‘ಎಪಿಕ್ಸ್’ ಯೋಜನೆಯು ಸ್ಥಳೀಯ ಸೇವಾಸಂಸ್ಥೆಗಳನ್ನೇ ಗ್ರಾಹಕರನ್ನಾಗಿ ಆರಿಸಿಕೊಂಡಿತು.

ಇಲ್ಲಿ ಮೊದಲ ಆಕ್ಷೇಪವೊಂದು ಏಳುತ್ತದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ. ಬಿಟ್ಟಿ ದೊರೆತ ಕೆಲಸದಲ್ಲಿ ಕೊರತೆಯಿದ್ದರೆ ದೂರುವ ಅಧಿಕಾರ ಗ್ರಾಹಕನಿಗೆಲ್ಲಿಯದು? ಈ ವಾದವು ಮೇಲ್ನೋಟಕ್ಕೆ ಸರಿಯೆನಿಸಿದರೂ ಲೆಕ್ಕದಲ್ಲಿ ನಿಲ್ಲದು. ಗ್ರಂಥಪಾಲಕನು ತನ್ನ ಕೆಲಸದ ವೇಳೆಯಲ್ಲಿ ಗಂಟೆಗಟ್ಟಲೆ ಕುಳಿತು ತನ್ನ ಅಗತ್ಯಗಳನ್ನು ವಿವರಿಸುತ್ತಾನೆ, ದಾಖಲೆಗಳನ್ನು ತೋರಿಸುತ್ತಾನೆ, ಬೇರೆ ಏರ್ಪಾಡನ್ನು ಮಾಡಿಕೊಳ್ಳದೆ ಕಾಯುತ್ತಾನೆ. ವಿದ್ಯಾರ್ಥಿಯು ಅದರಿಂದ ಅನುಭವವನ್ನೂ ಅಂಕಗಳನ್ನೂ, ಮುಂದೆ ಉದ್ಯೋಗವನ್ನೂ ಪಡೆಯುತ್ತಾನೆ. ಹಣ ಕೈ ಬದಲಿಸದಿದ್ದರೂ ಕೊಡುಕೊಳೆ ನಡೆದೇ ಇದೆ. ಬೆಲೆ ತೆರದವನ ಕಾಲಕ್ಕೆ ಬೆಲೆಯಿಲ್ಲವೆಂದು ಎಣಿಸುವುದು ಅನ್ಯಾಯ. ಅಲ್ಲದೆ, ದಾನವಾಗಿ ಕೊಡುವ ಧಾನ್ಯದಲ್ಲಿ ಕಲ್ಲಿರಬಹುದೆಂದು ಯಾವ ನೀತಿಯೂ ಹೇಳುವುದಿಲ್ಲ.

ಹಾಗಾದರೆ ಅನನುಭವಿಯ ಮಾತಿಗೆ ತೂಕ ಬರುವುದು ಹೇಗೆ? ಬೋಮ್ ಅವರ ಕ್ರಮದಲ್ಲಿ ಇದಕ್ಕೆ ಉತ್ತರವುಂಟು. ವರ್ಷದ ಮೊದಲ ಅವಧಿಯಲ್ಲಿ ತಂಡವು ಗ್ರಾಹಕನೊಡನೆ ಕುಳಿತು, ಯಾರಿಗೆ ಏನು ದೊರೆತರೆ ತೃಪ್ತಿ ಎಂಬುದನ್ನು ಬರಹಕ್ಕಿಳಿಸಿ, ನಮೂನೆಗಳನ್ನು ತೋರಿಸಿ, ಯೋಜನೆಯನ್ನು ಸಿದ್ಧಪಡಿಸುತ್ತಿತ್ತು. ಎರಡನೆಯ ಅವಧಿಯಲ್ಲಿ ಮಾತ್ರ ನಿರ್ಮಾಣ. ಎಲ್ಲ ಯೋಜನೆಗಳೂ ನಿರ್ಮಾಣಕ್ಕೆ ಏರುತ್ತಿರಲಿಲ್ಲ. ಆಗದ ಕೆಲಸವನ್ನು ಆಗದೆಂದು ಆರಂಭದಲ್ಲಿಯೇ ಹೇಳುವುದು ನಿಷ್ಠುರವೆನಿಸಿದರೂ ಗ್ರಾಹಕನಿಗೆ ಅದೇ ಉಪಕಾರ. ಕೊಡಲಾಗದುದಕ್ಕೆ ಒಪ್ಪಿಕೊಳ್ಳುವ ಸೌಜನ್ಯವು ಕೊನೆಯಲ್ಲಿ ವಂಚನೆಯಾಗಿ ಪರಿಣಮಿಸುತ್ತದೆ.

ವಂಚನೆಯ ಇನ್ನೂ ಸೂಕ್ಷ್ಮವಾದ ರೂಪವೊಂದಿದೆ. ಪ್ರದರ್ಶನದ ದಿನ ಪರದೆಯ ಮೇಲೆ ಎಲ್ಲವೂ ಸೊಗಸಾಗಿ ಮೂಡುತ್ತದೆ. ಒಳಗೆ ಲೆಕ್ಕ ಹಾಕುವ ವ್ಯವಸ್ಥೆಯೇ ಇರುವುದಿಲ್ಲ, ಮೊದಲೇ ಬರೆದಿಟ್ಟ ಉತ್ತರಗಳಷ್ಟೇ ಇರುತ್ತವೆ. ಮಾದರಿ ಒಂದು, ಮಾಲು ಇನ್ನೊಂದು ಎಂಬ ಈ ವ್ಯವಹಾರವನ್ನು ಯಾವ ಪೇಟೆಯೂ ಕ್ಷಮಿಸದು. ಬೆಂಗಳೂರಿನಂಥ ನಗರಗಳಲ್ಲಿ ಪದವಿಯ ಕೊನೆಯ ವರ್ಷದವರಿಗೆ ಸಿದ್ಧ ಪ್ರಾಜೆಕ್ಟುಗಳನ್ನು ಮಾರುವವರಿರುವುದು ಗುಟ್ಟೇನಲ್ಲ. ಅಂಕಗಳನ್ನು ಪ್ರದರ್ಶನಕ್ಕೆ ಮಾತ್ರ ಕೊಟ್ಟರೆ ವಿದ್ಯಾರ್ಥಿಯು ಪ್ರದರ್ಶನವನ್ನೇ ಕಲಿಯುತ್ತಾನೆ. ಈ ದೋಷದಲ್ಲಿ ಗುರುವಿನ ಪಾಲೂ ಇದೆ.

ಗ್ರಾಹಕನ ಹಿಂದೆ ನಿಂತಿರುವ ಮೂರನೆಯವರ ವಿಚಾರ ಇನ್ನೂ ಗಹನವಾದುದು. ಎಪಿಕ್ಸ್ ಯೋಜನೆಯ ತಂಡವೊಂದು ಮನೆಯಿಲ್ಲದವರಿಗೆ ನೆರವಾಗುವ ಹಲವು ಸಂಸ್ಥೆಗಳಿಗಾಗಿ ಮಾಹಿತಿ ವ್ಯವಸ್ಥೆಯನ್ನು ರೂಪಿಸಿತು. ಒಬ್ಬನನ್ನೇ ಎರಡು ಬಾರಿ ಎಣಿಸದಂತೆ ಸಂಸ್ಥೆಗಳು ಮಾಹಿತಿಯನ್ನು ಹಂಚಿಕೊಳ್ಳಬೇಕು. ಆದರೂ ಆ ನಿರ್ಗತಿಕನ ಗೋಪ್ಯತೆಗೆ ಭಂಗ ಬರಬಾರದು. ಆ ನಿರ್ಗತಿಕನು ಯಾವ ವಿದ್ಯಾರ್ಥಿಯೊಡನೆಯೂ ಒಪ್ಪಂದ ಮಾಡಿಕೊಂಡವನಲ್ಲ, ಅವರ ಹೆಸರನ್ನೂ ಅರಿಯನು. ಆದರೂ ಅವನ ಮಾನವು ಅವರ ಎಚ್ಚರಿಕೆಯನ್ನು ಅವಲಂಬಿಸಿದೆ. ಇದು ಅವರಲ್ಲಿ ಇಟ್ಟ ನ್ಯಾಸ. ಅಮೆರಿಕದ ಎರಡು ಗಣಕ ಸಂಘಗಳು 1999ರಲ್ಲಿ ಅಂಗೀಕರಿಸಿದ ಸಾಫ್ಟ್‌ವೇರ್ ತಂತ್ರಜ್ಞರ ನೀತಿಸಂಹಿತೆಯ 8 ತತ್ತ್ವಗಳಲ್ಲಿ ಸಾರ್ವಜನಿಕರ ಹಿತಕ್ಕೆ ಮೊದಲ ಸ್ಥಾನ, ಗ್ರಾಹಕನಿಗೆ ಎರಡನೆಯದು. ಭಾರತದಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಮಾಹಿತಿಯನ್ನು ಯಾವ ಉದ್ದೇಶಕ್ಕೆ ಹೇಗೆ ಬಳಸಬೇಕೆಂದು ನಿರ್ಧರಿಸುವವರನ್ನು ನಂಬಿಕೆಗೆ ಹೊಣೆಯಾದವರೆಂದೇ ಕರೆದಿದೆ. ಆ ಹೊಣೆ ಸಾಮಾನ್ಯವಾಗಿ ಸಂಸ್ಥೆಯದು. ಆದರೆ ಸಂಸ್ಥೆಯು ಶಿಕ್ಷೆಗೊಳಗಾಗುವುದೆಂಬ ಕಾರಣಕ್ಕೆ, ಅಜಾಗರೂಕತೆಯಿಂದ ಬರೆದವನ ಮನಸ್ಸು ಹಗುರವಾಗಬಾರದು. ಕಾನೂನಿನ ಹೊಣೆ ಒಬ್ಬರಿಗೆ ಸೇರಬಹುದು, ಪ್ರಮಾದದ ದೋಷ ಮಾತ್ರ ಪ್ರಮಾದಿಯನ್ನು ಬಿಡದು.

ಕೊನೆಯದು, ಬಿಟ್ಟುಹೋಗುವವನ ಧರ್ಮ. ಅವಧಿ ಮುಗಿಯಿತು, ಅಂಕ ದೊರೆಯಿತು, ತಂಡ ಚದುರಿತು. ವ್ಯವಸ್ಥೆ ಮಾತ್ರ ಗ್ರಾಹಕನ ಮೇಜಿನ ಮೇಲೆ ಉಳಿಯಿತು. ಮರುತಿಂಗಳು ಅದು ಕೆಟ್ಟರೆ ಕೇಳುವವರಾರು? ಎಪಿಕ್ಸ್ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಒಂದೇ ತಂಡದಲ್ಲಿ ಸೇರಿಸಿ, ತಂಡವನ್ನು ಅವಧಿಯಿಂದ ಅವಧಿಗೆ ಮುಂದುವರಿಸುವುದು. ವ್ಯಕ್ತಿಗಳು ಹೋದರೂ ಹೊಣೆ ಅಳಿಯದು. ಅಂಥ ಅನುಕೂಲವಿಲ್ಲದೆಡೆ, ಮುಂದಿನವನು ಓದಿ ಅರಿಯುವಂತೆ ವಿವರಗಳನ್ನು ಬರೆದಿಡುವುದಾದರೂ ಕರ್ತವ್ಯ. ಬರೆದ ಗುಮಾಸ್ತನಿಗೆ ಮಾತ್ರ ಅರ್ಥವಾಗುವ ಖಾತೆಯು ಖಾತೆಯಲ್ಲ. ಅವನು ತೆರಳಿದ ದಿನವೇ ಅಂಗಡಿ ಕುರುಡಾಗುತ್ತದೆ.

ಇಷ್ಟೊಂದು ಹೊಣೆ ಹೊರಿಸಿದರೆ ಎಳೆಯರು ನಿಜವಾದ ಕೆಲಸಕ್ಕೆ ಮುಂದಾಗುವರೆ ಎಂದು ಕೇಳಬಹುದು. ಮುಂದಾಗಬೇಕು; ಸೇವೆಯಿಂದ ದೂರವಿಟ್ಟ ವಿದ್ಯೆ ಒಣಗುತ್ತದೆ. ದೋಷವಿಲ್ಲದ ಕೃತಿಯನ್ನು ಅವರಿಂದ ಯಾರೂ ನಿರೀಕ್ಷಿಸುವುದಿಲ್ಲ. ನಿರೀಕ್ಷೆಯಿರುವುದು ದೋಷವನ್ನು ಮುಚ್ಚಿಡಬಾರದು ಎಂಬಷ್ಟೇ. ಒಂದು ತಪ್ಪಿಗೆ ಜೀವಹಾನಿಯೋ ಮಾನಹಾನಿಯೋ ಆಗಬಹುದಾದಂಥ ಕೆಲಸವನ್ನು ಗುರುವು ತನ್ನ ಕಣ್ಗಾವಲಿಲ್ಲದೆ ಅವರಿಗೆ ವಹಿಸಬಾರದು. ಹಳೆಯ ಕ್ರಮವನ್ನು ಗ್ರಾಹಕನು ಒಮ್ಮೆಗೇ ಕೈಬಿಡಬಾರದು. ಇದು ಆಗಿದೆ, ಇದು ಆಗಿಲ್ಲ, ಇದನ್ನು ಪರೀಕ್ಷಿಸಿಲ್ಲ ಎಂದು ವಿದ್ಯಾರ್ಥಿಯು ಬರೆದು ಕೊಡಬೇಕು, ಅಂಥ ಬರಹಕ್ಕೆ ಗುರುವು ಅಂಕ ಕೊಡಬೇಕು. ಕೌಶಲವು ವರ್ಷಗಳ ಮೇಲೆ ತಾನಾಗಿ ಬರುತ್ತದೆ. ಪ್ರಾಮಾಣಿಕತೆಗೆ ಅನುಭವದ ಅವಶ್ಯಕತೆಯಿಲ್ಲವಾದುದರಿಂದ, ಅದನ್ನು ಮೊದಲ ದಿನದಿಂದಲೇ ಕೇಳಬಹುದು.