ಊರು ಬಿಡದ ಯಾತ್ರೆ

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳ ವಿಚಾರವನ್ನು ಗುರುಮುಖದಿಂದ ಕೇಳಿದ ಗೃಹಸ್ಥನ ಮನದಲ್ಲಿ ಒಂದು ಸಂದೇಹವು ಏಳುವುದುಂಟು. ಹೊಲಮನೆಗಳ ಚಿಂತೆ, ಮಕ್ಕಳ ಮದುವೆ, ಅಂಗಡಿಯ ಲೆಕ್ಕ, ಸಾಲದ ಬಡ್ಡಿ, ಇವುಗಳ ನಡುವೆ ಬೆಳಗಿನಿಂದ ಬೈಗಿನವರೆಗೆ ತೊಳಲುವವನಿಗೆ ಸ್ಥಲದಿಂದ ಸ್ಥಲಕ್ಕೆ ಏರುವ ಅವಕಾಶವೆಲ್ಲಿಯದು? ಇಷ್ಟಲಿಂಗಪೂಜೆಯು ನಿತ್ಯವೂ ತಪ್ಪದೆ ನಡೆಯುತ್ತಿದೆ. ಆದರೂ ಹತ್ತು ವರ್ಷಗಳ ಹಿಂದೆ ನಿಂತಲ್ಲಿಯೇ ಇಂದಿಗೂ ನಿಂತಂತೆ ತೋರುತ್ತದೆ. ತಾನು ನಡೆದಿರುವೆನೋ ಕುಳಿತೇ ಇರುವೆನೋ ಎಂಬುದನ್ನು ಅವನು ತಿಳಿಯುವ ಬಗೆ ಯಾವುದು?

ಈ ಪ್ರಶ್ನೆಯು ಒಂದು ಮತದವರಿಗೆ ಮಾತ್ರ ಮೀಸಲಾದುದಲ್ಲ. ಇಸ್ಲಾಂ ಧರ್ಮದ ಅನುಭಾವಿಗಳಾದ ಸೂಫಿಗಳು ಸಾವಿರ ವರ್ಷಗಳಿಗೂ ಹಿಂದಿನಿಂದ ಇದನ್ನು ವಿಚಾರಿಸುತ್ತ ಬಂದಿದ್ದಾರೆ. ಸಾಧನೆಗೆ ಅವರಿಟ್ಟ ಹೆಸರು 'ತರೀಕತ್', ಎಂದರೆ ದಾರಿ. ಸಾಧಕನಿಗೆ 'ಸಾಲಿಕ್', ಎಂದರೆ ದಾರಿ ನಡೆಯುವವನು. ದಾರಿಯೆಂದ ಮೇಲೆ ಹೊರಡುವುದೂ ಸೇರುವುದೂ ಇರಬೇಕಷ್ಟೆ. ಆದರೆ ಸೂಫಿಗಳ ಗ್ರಂಥಗಳನ್ನು ಓದಿದಂತೆಲ್ಲ ಆ ದಾರಿಯ ಅತಿ ಕಠಿಣವಾದ ಭಾಗವು ಹೊರಡುವುದರಲ್ಲಿಯೂ ಇಲ್ಲ, ಸೇರುವುದರಲ್ಲಿಯೂ ಇಲ್ಲ, ಮರಳಿ ಬಂದು ಬಾಳುವುದರಲ್ಲಿದೆಯೆಂಬುದು ಮನಗಾಣುತ್ತದೆ.

ಕಲ್ಯಾಣದಲ್ಲಿ ಶರಣರ ಅನುಭಾವಗೋಷ್ಠಿಯು ನಡೆದ 12ನೆಯ ಶತಮಾನದಲ್ಲಿಯೇ ಪಾರಸಿಕ ದೇಶದ ನಿಶಾಪುರದಲ್ಲಿ ಫರೀದುದ್ದೀನ್ ಅತ್ತಾರರೆಂಬ ಸೂಫಿ ಕವಿಗಳಿದ್ದರು. ಅವರ 'ಮಂತಿಕುತ್ ತೈರ್' ಎಂಬ ಕಾವ್ಯದಲ್ಲಿ ಲೋಕದ ಹಕ್ಕಿಗಳೆಲ್ಲ ಕೂಡಿ ತಮಗೊಬ್ಬ ಅರಸನು ಬೇಕೆಂದು ಆಲೋಚಿಸುತ್ತವೆ. ದೂರದ ಕಾಫ್ ಪರ್ವತದಲ್ಲಿ ಸೀಮುರ್ಗ್ ಎಂಬ ಅರಸನಿರುವನೆಂದೂ ಅವನೆಡೆಗೆ ಹೋಗಬೇಕೆಂದೂ ಚಂದ್ರಮುಕುಟ ಹಕ್ಕಿಯು ಹೇಳುತ್ತದೆ. ಆ ಹಕ್ಕಿಯೇ ಉಳಿದವುಗಳಿಗೆ ಗುರುಸ್ಥಾನದಲ್ಲಿದೆ. ಹೊರಡುವ ಮಾತು ಬಂದೊಡನೆ ಒಂದೊಂದು ಹಕ್ಕಿಯೂ ಒಂದೊಂದು ನೆಪವನ್ನು ಮುಂದಿಡುತ್ತದೆ. ಬುಲ್‌ಬುಲ್ ಹಕ್ಕಿಗೆ ಗುಲಾಬಿಯನ್ನು ಅಗಲುವುದಾಗದು. ಗಿಡುಗಕ್ಕೆ ಅರಸರ ಮುಂಗೈಯ ಮೇಲೆ ಕುಳಿತ ಗೌರವವೇ ಸಾಕು. ಗೂಗೆಯು ಪಾಳುಮನೆಯಲ್ಲಿ ಹುದುಗಿರುವ ನಿಧಿಯನ್ನು ಕಾಯಬೇಕಾಗಿದೆ. ಕೌಜುಗಕ್ಕೆ ರತ್ನಗಳ ಮೋಹ. ಇವೆಲ್ಲ ಸಂಸಾರಿಗಳ ನೆಪಗಳು, ಯಾರಿಗೂ ಅಪರಿಚಿತವಲ್ಲ.

ಬಾತುಕೋಳಿಯ ನೆಪವು ಇವುಗಳಿಗಿಂತ ಸೂಕ್ಷ್ಮವಾದುದು. ಅದು ಸದಾ ನೀರಿನಲ್ಲಿಯೇ ಇರುವುದು, ಕ್ಷಣಕ್ಷಣಕ್ಕೂ ಮೀಯುವುದು. ತನಗಿಂತ ಮಡಿವಂತರು ಬೇರೊಬ್ಬರಿಲ್ಲ, ಇನ್ನು ಯಾತ್ರೆಯೇಕೆಂಬುದು ಅದರ ವಾದ. ನವಿಲಿಗೆ ಸ್ವರ್ಗವು ಮರಳಿ ದೊರೆತರೆ ಸಾಕು, ಅರಸನು ಬೇಡ. ಧನಲೋಭದಂತೆಯೇ ಶುಚಿತ್ವದ ಹೆಮ್ಮೆ, ಸ್ವರ್ಗದ ಆಸೆಗಳೂ ಕಾಲಿಗೆ ತೊಡಕಾಗುವುವೆಂಬುದನ್ನು ಅತ್ತಾರರು ಹೀಗೆ ತೋರಿಸುತ್ತಾರೆ. ಮೈ ತೊಳೆದು ಮನವನ್ನು ತೊಳೆಯದವರನ್ನು ಶರಣರು ಎಷ್ಟು ಸಾರಿ ಕೆಣಕಿಲ್ಲ! ಪೂಜೆ ನಿತ್ಯವೂ ನಡೆಯುತ್ತಿದೆಯೆಂಬ ಸಮಾಧಾನವೂ ಒಮ್ಮೊಮ್ಮೆ ಬಾತುಕೋಳಿಯ ನೆಪವೇ ಆಗಿರಬಹುದು.

ಹೊರಟ ಹಕ್ಕಿಗಳು ದಾಟಬೇಕಾದ ಕಣಿವೆಗಳು ಏಳು: ಅರಸುವಿಕೆ, ಪ್ರೇಮ, ಅರಿವು, ನಿರಪೇಕ್ಷೆ, ಏಕತ್ವ, ಬೆರಗು, ಕೊನೆಯದಾಗಿ ಬಡತನದೊಡನೆ ಬರುವ ಲಯ. ಇಲ್ಲಿ ಅರಿವಿಗೂ ಏಕತ್ವಕ್ಕೂ ಆಚೆ ಬೆರಗು ನಿಂತಿರುವುದನ್ನು ಅಲ್ಲಮಪ್ರಭುಗಳ ವಚನಗಳನ್ನು ಬಲ್ಲವರು ಗಮನಿಸದೆ ಇರಲಾರರು. ಅಸಂಖ್ಯಾತ ಹಕ್ಕಿಗಳಲ್ಲಿ ಮೂವತ್ತು ಮಾತ್ರ ಗರಿಯುದುರಿ ಬಸವಳಿದು ಅರಮನೆಯ ಬಾಗಿಲನ್ನು ಮುಟ್ಟುತ್ತವೆ. ಪಾರಸಿಯಲ್ಲಿ 'ಸೀ ಮುರ್ಗ್' ಎಂದರೆ ಮೂವತ್ತು ಹಕ್ಕಿಗಳೆಂದೇ ಅರ್ಥ. ತೆರೆ ಸರಿದಾಗ ಅವು ಕಂಡುದು ಕನ್ನಡಿಯಲ್ಲಿ ಕಂಡಂತೆ ತಮ್ಮನ್ನೇ.

ಕಥೆಯ ಈ ಭಾಗವನ್ನು ಹೇಳುವವರು ಬಹುಮಂದಿ. ಅದಕ್ಕೆ ಮೊದಲು ನಡೆಯುವುದೊಂದನ್ನು ಹೇಳುವವರು ವಿರಳ. ದರ್ಶನಕ್ಕೆ ಮುಂಚೆ ಹಕ್ಕಿಗಳ ಕೈಗೆ ಒಂದು ಬರಹವನ್ನು ಕೊಡಲಾಗುತ್ತದೆ. ಅವು ಅಂದಿನವರೆಗೆ ಮಾಡಿದುದೆಲ್ಲವೂ ಅದರಲ್ಲಿ ಬರೆದಿದೆ. ಅದನ್ನೋದಿ ನಾಚಿಕೆಯಿಂದ ಕರಗಿಹೋದ ಮೇಲೆಯೇ ಅವುಗಳಿಗೆ ಬೆಳಕು. ಏಳು ಕಣಿವೆಗಳನ್ನು ದಾಟಿದವರಿಗೂ ಲೆಕ್ಕವನ್ನೊಪ್ಪಿಸುವುದು ತಪ್ಪಲಿಲ್ಲ!

ಏಳು ಕಣಿವೆಗಳನ್ನು ಆರು ಸ್ಥಲಗಳೊಡನೆ ಜೋಡಿಸಿ ಎರಡೂ ಒಂದೇ ಎಂದು ಸಾಧಿಸುವ ಉತ್ಸಾಹವು ಕೆಲವರಿಗಿದೆ. ಅದು ಹಗುರವಾದ ಕೆಲಸ. ಹೆರಾತಿನ ಅನ್ಸಾರಿಯವರು (1006–1089) ದಾರಿಯ ನೆಲೆಗಳನ್ನು ನೂರೆಂದು ಎಣಿಸಿದರು. ವೀರಶೈವರಲ್ಲಿ ಏಕೋತ್ತರ ಶತಸ್ಥಲವೆಂದು ನೂರೊಂದರ ಎಣಿಕೆಯುಂಟು. ಒಂದು ಹೆಚ್ಚಾಯಿತೆಂದು ಬೀಗುವುದೂ ಸಲ್ಲದು, ಸಮೀಪವಾಯಿತೆಂದು ಹಿಗ್ಗುವುದೂ ಸಲ್ಲದು. ವ್ಯತ್ಯಾಸವು ಎಣಿಕೆಯಲ್ಲಿಲ್ಲ, ತತ್ತ್ವದಲ್ಲಿದೆ. ದೀಕ್ಷೆಯ ದಿನವೇ ಲಿಂಗವು ಕರಸ್ಥಲಕ್ಕೆ ಬರುವುದರಿಂದ ಶರಣಪಥದಲ್ಲಿ ಗುರಿಯು ಮೊದಲ ಹೆಜ್ಜೆಯಲ್ಲಿಯೇ ಜೊತೆಗಿರುತ್ತದೆ. ಕಡೆಗೆ ಅಂಗಲಿಂಗಗಳ ಸಾಮರಸ್ಯವು. ಸೂಫಿಗಳಲ್ಲಿ ಅನೇಕರಾದರೋ ದಾಸನು ಎಷ್ಟು ಸಮೀಪಕ್ಕೆ ಹೋದರೂ ದಾಸನೇ, ಒಡೆಯನು ಒಡೆಯನೇ ಎಂದು ಹಟಹಿಡಿದು ಹೇಳಿದರು. ಈ ಭೇದವನ್ನು ಮರೆಮಾಚಿ ತೋರುವ ಆದರವು ಆದರವೇ ಅಲ್ಲ.

ದಾರಿ ಸಾಗುವುದು ಪ್ರಯತ್ನದಿಂದಲೋ ಕೃಪೆಯಿಂದಲೋ ಎಂಬ ತೊಡಕನ್ನು ನಿಶಾಪುರದ ಕುಶೈರಿಯವರು (ಮರಣ 1072) ತಮ್ಮ 'ರಿಸಾಲೆ'ಯಲ್ಲಿ ಎರಡು ಮಾತುಗಳಿಂದ ಬಿಡಿಸಲೆತ್ನಿಸಿದ್ದಾರೆ. 'ಮಕಾಮ್' ಎಂಬ ನೆಲೆಯನ್ನು ಸಾಧಕನು ದುಡಿದು ಗಳಿಸುವನು. 'ಹಾಲ್' ಎಂಬ ಅವಸ್ಥೆಯು ತಾನಾಗಿ ಇಳಿದು ಬರುವ ಪ್ರಸಾದ. ಪಶ್ಚಾತ್ತಾಪ, ಸಹನೆ, ಸಂತೃಪ್ತಿ ಮುಂತಾದವುಗಳಲ್ಲಿ ದುಡಿಮೆಯು ತಪ್ಪದು. ಆನಂದವು ಬಂದರೆ ಬಂತು. ಬಾರದಿದ್ದರೆ ಕೂಲಿ ಬಾಕಿಯಿದೆಯೆಂದು ದಾವೆ ಹೂಡುವಂತಿಲ್ಲ. ಪೂಜೆಯಲ್ಲಿ ರುಚಿ ತೋರದೆ ನೊಂದಿರುವ ಗೃಹಸ್ಥನಿಗೆ ಈ ವಿವೇಕವು ದೊಡ್ಡ ಆಸರೆಯಾಗಬಲ್ಲುದು.

ಈ ಗ್ರಂಥವು ಕನ್ನಡ ನಾಡಿಗೂ ಬಂದಿತು. 1398ರಲ್ಲಿ ತೈಮೂರನ ದಾಳಿಯ ಸಮಯದಲ್ಲಿ ದಿಲ್ಲಿಯನ್ನು ಬಿಟ್ಟು, ಮುಂದೆ ಬಹಮನಿ ಫಿರೋಜ್ ಷಹನ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿ, 1422ರಲ್ಲಿ ಅಲ್ಲಿಯೇ ದೇಹವಿಟ್ಟ ಖ್ವಾಜಾ ಬಂದೇ ನವಾಜರು ಕುಶೈರಿಯವರ ರಿಸಾಲೆಗೆ ಪಾರಸಿಯಲ್ಲಿ ವ್ಯಾಖ್ಯಾನವನ್ನು ರಚಿಸಿದವರು. ಅವರು ಮಡದಿಮಕ್ಕಳೊಂದಿಗಳಾಗಿದ್ದ ಗೃಹಸ್ಥರೆಂಬುದೂ ಇಲ್ಲಿ ಸ್ಮರಣೀಯ.

ದಾರಿಯ ತುದಿಯನ್ನು ಸೂಫಿಗಳು 'ಫನಾ' ಎನ್ನುವರು: ನಾನೆಂಬುದು ಅಳಿಯುವಿಕೆ. ಆದರೆ ಅದು ಕೊನೆಯಲ್ಲ. ಆ ಬಳಿಕ 'ಬಕಾ' ಎಂಬುದೊಂದಿದೆ, ದೇವನಲ್ಲಿ ಉಳಿದು ಬಾಳುವಿಕೆ. ಅತ್ತಾರರ ಹಕ್ಕಿಗಳು ಸಹ ಲಯವಾದ ಮೇಲೆ ಮರಳಿ ತಮಗೆ ತಾವು ದೊರಕುತ್ತವೆ. ಅನುಭಾವದ ಅಮಲಿನಲ್ಲಿ ಸತ್ಯವೇ ತಾನೆಂದು ನುಡಿದ ಹಲ್ಲಾಜರನ್ನು 922ರಲ್ಲಿ ಬಾಗ್ದಾದಿನಲ್ಲಿ ಕ್ರೂರವಾಗಿ ಕೊಲ್ಲಲಾಯಿತು. ಅದೇ ನಗರದಲ್ಲಿದ್ದ ಜುನೈದರು (ಮರಣ 910) ಅಮಲಿಗಿಂತ ಎಚ್ಚರವು ಮೇಲು, ಅಳಿದವನು ಎಚ್ಚತ್ತು ಜನರ ನಡುವೆ ಧರ್ಮದಿಂದ ನಡೆಯಬೇಕು ಎಂದು ಬೋಧಿಸಿದರು. ಹಲ್ಲಾಜರ ಬಲಿದಾನವು ಹೃದಯವನ್ನು ಸೆಳೆಯುವುದು ದಿಟ. ಮನೆಮಂದಿಯನ್ನು ಸಾಕಬೇಕಾದವನಿಗೆ ಮಾತ್ರ ಜುನೈದರ ಎಚ್ಚರವೇ ಹೆಚ್ಚು ಒದಗುವುದು.

ಫನಾ ಬಕಾಗಳನ್ನು ಮೊದಲು ವಿವರಿಸಿದವರೆಂದು ಹೆಸರಾದವರು ಬಾಗ್ದಾದಿನ ಅಬೂ ಸಯೀದ್ ಖರ್ರಾಜರು. 'ಖರ್ರಾಜ್' ಎಂದರೆ ತೊಗಲು ಹೊಲಿಯುವವನು. ಹಲ್ಲಾಜ್ ಎಂದರೆ ಹತ್ತಿ ಹಿಂಜುವವನು, ನಸ್ಸಾಜ್ ಎಂದರೆ ನೇಕಾರ, ಅತ್ತಾರ್ ಎಂದರೆ ಸುಗಂಧ ಮತ್ತು ಮದ್ದುಗಳನ್ನು ಮಾರುವವನು. ಸಮಗಾರ ಹರಳಯ್ಯ, ಜೇಡರ ದಾಸಿಮಯ್ಯ, ಮಡಿವಾಳ ಮಾಚಯ್ಯ ಎಂಬ ಹೆಸರುಗಳನ್ನು ಕೇಳಿ ಬೆಳೆದವರಿಗೆ ಈ ಪಟ್ಟಿಯು ಅಪರಿಚಿತವೆನಿಸದು. ಖುರಾಸಾನಿನ ಅಬೂ ಸಯೀದ್ ಅಬುಲ್ ಖೈರರಿಗೆ (967–1049) ಒಬ್ಬನು ನೀರಿನ ಮೇಲೆ ನಡೆಯುವನೆಂದು ಯಾರೋ ತಿಳಿಸಿದಾಗ, ಕಪ್ಪೆಗೂ ಅದು ಬರುವುದೆಂದು ಅವರು ನಕ್ಕರಂತೆ. ಸಂತೆಯಲ್ಲಿ ಕೊಂಡು ಮಾರುತ್ತ, ಮದುವೆಯಾಗಿ ಜನರೊಡನೆ ಬೆರೆತು, ಒಂದು ಗಳಿಗೆಯೂ ದೇವರನ್ನು ಮರೆಯದಿರುವವನೇ ಅವರ ಪಾಲಿಗೆ ನಿಜವಾದ ಸಿದ್ಧನು. ಬುಖಾರಾ ಸೀಮೆಯ ನಕ್ಷಬಂದಿ ಪಂಥದವರು ಇದನ್ನೇ ನಿಯಮವಾಗಿಸಿ 'ಸಫರ್ ದರ್ ವತನ್', ಎಂದರೆ ಊರಿನಲ್ಲಿದ್ದೇ ಯಾತ್ರೆ, ಎಂದು ಕರೆದರು.

ಇಲ್ಲಿಗೆ ನಿಲ್ಲಿಸಿದರೆ ಗೃಹಸ್ಥನಿಗೆ ಬಲು ಹಿತ. ಮನೆಯಲ್ಲಿದ್ದೇ ಯಾತ್ರೆಯೆಂದ ಮೇಲೆ ಮನೆಯಲ್ಲಿರುವುದೇ ಯಾತ್ರೆಯೆಂದು ತಿಳಿದುಬಿಡುವುದು ಸುಲಭ. ಅದಕ್ಕೆಂದೇ ಸೂಫಿಗಳು ಲೆಕ್ಕವನ್ನು ಕೇಳುತ್ತಾರೆ. 857ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡ ಮುಹಾಸಿಬಿ ಎಂಬವರಿಗೆ ಆ ಹೆಸರೇ ಲೆಕ್ಕದಿಂದ ಬಂದುದು. ಮನದ ಒಂದೊಂದು ಎಣಿಕೆಯನ್ನೂ ಇದು ಯಾರ ಸಲುವಾಗಿ ಎಂದು ತಡೆದು ಕೇಳಬೇಕೆಂಬುದು ಅವರ ಬೋಧೆ. ಕುರಾನಿನಲ್ಲಿ ಬರುವ ಮಾತುಗಳನ್ನು ಹಿಡಿದು ಸೂಫಿಗಳು ಮನಸ್ಸಿಗೆ ಮೂರು ಹಂತಗಳನ್ನು ಹೇಳುವರು: ಕೇಡಿಗೆ ಪ್ರೇರಿಸುವುದು, ತನ್ನನ್ನು ತಾನೇ ಜರೆದುಕೊಳ್ಳುವುದು, ಶಾಂತವಾದುದು. ತನ್ನನ್ನು ಜರೆದುಕೊಳ್ಳುವ ಮನಸ್ಸು ನಡೆಯುತ್ತಿರುವ ಮನಸ್ಸು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಮಾಡಿದವರು ಅವರ ಮಡದಿ ಲಕ್ಕಮ್ಮನವರು. ಲೆಕ್ಕ ಕೇಳುವವರು ಮನೆಯೊಳಗೇ ಇದ್ದರು.

ಮನೆಯನ್ನು ಬಿಡಲೇಬೇಕಾದ ಜೀವಗಳೂ ಉಂಟು. ಅಕ್ಕಮಹಾದೇವಿಯವರು ಬಿಟ್ಟು ನಡೆದರು. ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಪ್ರಧಾನ ಆಚಾರ್ಯರಾಗಿದ್ದ ಘಜಾಲಿಯವರು ತಮ್ಮ ಬೋಧನೆಯ ಉದ್ದೇಶವನ್ನು ತಾವೇ ಪರೀಕ್ಷಿಸಿದಾಗ ಅಲ್ಲಿ ದೇವರ ಬದಲು ಕೀರ್ತಿಯು ಕಂಡಿತು. ಒಂದು ದಿನ ಹೊರಡುವ ಸಂಕಲ್ಪ, ಮರುದಿನ ಅದರ ಭಂಗ. ಹೀಗೆ ಆರು ತಿಂಗಳು ತೊಳಲಿ, ಕಡೆಗೆ ನಾಲಗೆಯೇ ಕಟ್ಟಿಹೋಯಿತು. 1095ರಲ್ಲಿ ಅವರು ಮಕ್ಕಳ ಪೋಷಣೆಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕುದನ್ನು ಹಂಚಿ, ದಮಾಸ್ಕಸ್, ಜೆರೂಸಲೇಮ್, ಮಕ್ಕಾಗಳ ಕಡೆಗೆ ಹೊರಟರು. ಮುಂದೆ ಮಕ್ಕಳ ಕರೆಯೇ ಅವರನ್ನು ಊರಿಗೆ ಎಳೆತಂದಿತು. ಮನೆಯ ತಾಪತ್ರಯಗಳು ಏಕಾಂತವನ್ನು ಕೆಡಿಸಿದುವು, ನಿರ್ಮಲವಾದ ಗಳಿಗೆಗಳು ಅಪರೂಪಕ್ಕೆ ಮಾತ್ರ ಒದಗಿದುವು, ಆದರೂ ಆಸೆಯನ್ನು ಬಿಡಲಿಲ್ಲವೆಂದು ಅವರು ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1106ರಲ್ಲಿ ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಕೊನೆಯ ವರ್ಷಗಳನ್ನು ಹುಟ್ಟೂರಾದ ತೂಸಿನಲ್ಲಿ ಶಿಷ್ಯರೊಡನೆ ಕಳೆದು 1111ರಲ್ಲಿ ಅಲ್ಲಿಯೇ ತೀರಿಕೊಂಡರು.