ಎಲ್ಲರಿಗೂ ಕಾಲೇಜು ಬೇಕೆ?



ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಮಗುವನ್ನು ಕಾಲೇಜಿಗೆ ಕಳುಹಿಸಲೇಬೇಕೆ? ಇದು ಹಣದ ಲೆಕ್ಕಾಚಾರವೆಂದು ತೋರಿದರೂ ವಾಸ್ತವದಲ್ಲಿ ನ್ಯಾಯದ ಪ್ರಶ್ನೆ.

ಗೌರವದ ಬಾಳಿಗೆ ಪದವಿಯೇ ಬೇಕೆನ್ನಲಾಗದು. ನಮ್ಮ ಸುತ್ತಲೇ ನೋಡಿರಿ. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನರಿತು, ಸವಳು ಮಣ್ಣನ್ನು ಗುರುತಿಸಿ ಭತ್ತ ಬೆಳೆಯುವ ರೈತನನ್ನು ಅವಿದ್ಯಾವಂತನೆನ್ನಬಹುದೆ? ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಎಂಜಿನಿಯರರ ನಕ್ಷೆ ಎಷ್ಟು ಅಗತ್ಯವೋ, ಐ.ಟಿ.ಐ. ಕಲಿತ ಫಿಟ್ಟರನ ಕೆಲಸವೂ ಅಷ್ಟೇ ಅಗತ್ಯ. ಪ್ರಭು ಯೇಸು ನಜರೇತಿನಲ್ಲಿ ಬಡಗಿಯಾಗಿದ್ದರು. ಗಮಲಿಯೇಲನ ಬಳಿ ಶಾಸ್ತ್ರಾಭ್ಯಾಸ ಮಾಡಿದ ಸಂತ ಪೌಲರು ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ಜೀವಿಸಿದರು. ದುಡಿಮೆ ವಿದ್ಯೆಗಿಂತ ಕೀಳಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ "ಎಲ್ಲರಿಗೂ ಕಾಲೇಜು ಬೇಕಿಲ್ಲ" ಎಂಬ ಮಾತನ್ನು ನಾವು ಹೇಳುವುದು ಯಾರಿಗೆ? ಅನುಕೂಲಸ್ಥರು ತಮ್ಮ ಮಕ್ಕಳಿಗೆ ಹೇಳುವುದಿಲ್ಲ. ಕೂಲಿಯವರ ಮಗನಿಗೆ, ಅವನಿಗೂ ಮೊದಲು ಅವನ ಅಕ್ಕನಿಗೆ ಹೇಳುತ್ತೇವೆ. ತಾಯಿ ನಾಟಿಗೆ ಹೋದಾಗ ತಮ್ಮನನ್ನು ನೋಡಿಕೊಳ್ಳಲೆಂದು ಓದು ನಿಲ್ಲಿಸಿದವಳಿಗೆ ಓದು ಬೇಡವಾಗಿತ್ತೆಂದು ಯಾರು ಹೇಳಿಯಾರು? ಒಲ್ಲೆನೆಂದು ಬಿಡುವುದು ಬೇರೆ, ಗತಿಯಿಲ್ಲದೆ ಬಿಡುವುದು ಬೇರೆ.

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವನ್ನು ನೀವು ಬಲ್ಲಿರಿ. ಅದರಲ್ಲಿ ಅಶೋಕನ ಹೆಸರಿದೆ ಎಂಬುದಷ್ಟೇ ನಮ್ಮ ನೆನಪಿನಲ್ಲಿ ಉಳಿದಿದೆ. ಧರ್ಮದಲ್ಲಿ ಮುನ್ನಡೆಯುವುದು ದೊಡ್ಡವರಿಗೆ ಮಾತ್ರವಲ್ಲ, ಸಾಮಾನ್ಯನಿಗೂ ಸಾಧ್ಯ. ಇದನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ತಿರುಳು. ವಿದ್ಯೆಯ ವಿಷಯದಲ್ಲಿ ಆ ಬಂಡೆಯ ಮಾತು ನಮ್ಮ ಮನೆಗಳನ್ನು ಇನ್ನೂ ತಲುಪಿಲ್ಲ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ನಮ್ಮ ಭಾಗದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಕಲ್ಪಿಸಿದೆ. ಹತ್ತನೇ ತರಗತಿಗೇ ಓದು ನಿಂತ ಮಗುವಿಗೆ ಅದರ ಪೂರ್ಣ ಫಲ ದೊರೆಯುವುದಾದರೂ ಹೇಗೆ?

ತಲೆಂತುಗಳ ಸಾಮತಿಯಲ್ಲಿ ಧಣಿಯು ಪ್ರತಿಯೊಬ್ಬನಿಗೂ ಅವನವನ ಸಾಮರ್ಥ್ಯಕ್ಕೆ ತಕ್ಕಂತೆ ಕೊಟ್ಟನು. ಕೊಟ್ಟದ್ದನ್ನು ಹೂತಿಟ್ಟವನನ್ನು ಖಂಡಿಸಿದನು. ಯಂತ್ರಗಳಲ್ಲಿ ಮನಸ್ಸಿರುವ ಮಗನನ್ನು ಪ್ರತಿಷ್ಠೆಗಾಗಿ ಪದವಿಗೆ ದೂಡುವುದೂ ಹೂತಿಡುವುದೇ; ಓದಬಲ್ಲ ಮಗಳಿಗೆ ಅವಸರದಲ್ಲಿ ಮದುವೆ ಮಾಡುವುದೂ ಹೂತಿಡುವುದೇ.

ಆದುದರಿಂದ ಪ್ರಿಯರೇ, ಕಾಲೇಜು ಎಲ್ಲರಿಗೂ ಅನಿವಾರ್ಯವಲ್ಲ. ಅದರ ಬಾಗಿಲು ಎಲ್ಲರಿಗೂ ತೆರೆದಿರುವುದು ಅನಿವಾರ್ಯ. ಮಗನಿಗೆ ಹೇಳದ ಮಾತನ್ನು ಮಗಳಿಗೆ ಹೇಳದಿರಿ; ನಿಮ್ಮ ಮಗುವಿಗೆ ಹೇಳದ ಮಾತನ್ನು ನೆರೆಮನೆಯ ಮಗುವಿಗೂ ಹೇಳದಿರಿ. ಶುಲ್ಕಕ್ಕೆ ಹಣವಿಲ್ಲದೆ ಓದು ನಿಲ್ಲಿಸಲಿರುವ ಒಂದು ಮಗುವಾದರೂ ನಿಮ್ಮ ಧರ್ಮಕೇಂದ್ರದಲ್ಲಿದ್ದರೆ, ಜೂನ್ ತಿಂಗಳು ಬರುವ ಮುನ್ನ ಆ ಮನೆಗೆ ಒಮ್ಮೆ ಹೋಗಿ ಬನ್ನಿರಿ.